ಮಾರ್ಕೆಟಿಂಗ್ ಓದುವುದು ಹೇಗೆ? ಕಾಫಿಪುಡಿ ಅಂಗಡಿಯಿಂದ ಶುರು ಮಾಡಿ

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಬಿಕಾಂ, ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಓದುವ ಮಕ್ಕಳು ಬೇಕಾದಷ್ಟಿದ್ದಾರೆ. ಅಕೌಂಟ್ಸ್‌ಗೆ ಹೆದರಿ ಟ್ಯೂಷನ್ ಸೇರುತ್ತಾರೆ. ಮಾರ್ಕೆಟಿಂಗ್ ಬಂದರೆ ಮಾತ್ರ, ‘ಅದು ಬರೀ ಥಿಯರಿ, ಹಿಂದಿನ ರಾತ್ರಿ ಓದಿದರಾಯಿತು’ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಈ ವಿಷಯ ಕಲಿಸುತ್ತಿದ್ದೇನೆ. ವ್ಯಾಖ್ಯೆಗಳನ್ನು ಒಂದಕ್ಷರ ತಪ್ಪದೆ ಬರೆದವರು ಕೂಡ ‘ಈ ಸರಕನ್ನು ಯಾರಿಗೆ ಮಾರುತ್ತೀರಿ?’ ಎಂಬ ಪ್ರಶ್ನೆಗೆ ‘18ರಿಂದ 60 ವರ್ಷದವರಿಗೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆಗೆ ಒಂದು ಸಂಜೆ ಸಾಕು. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್ ಎಂಬ ನಾಲ್ಕು ‘ಪಿ’ಗಳನ್ನು 1960ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರೊಫೆಸರ್ ಜೆರೋಮ್ ಮೆಕಾರ್ತಿ ಕೊಟ್ಟರು. 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಸೇವೆಗಳಿಗೆಂದು ಪೀಪಲ್, ಪ್ರೋಸೆಸ್, ಫಿಸಿಕಲ್ ಎವಿಡೆನ್ಸ್ (ಅಂಗಡಿಯ ನೋಟದಂತೆ ಗಿರಾಕಿಯ ಕಣ್ಣಿಗೆ ಬೀಳುವ ಕುರುಹುಗಳು) ಸೇರಿಸಿದರು. ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗಿ.

ಎರಡನೆಯದು, ಇಡೀ ಸೆಮಿಸ್ಟರ್‌ಗೆ ಪ್ರಾಜೆಕ್ಟಿಗೂ ಉದಾಹರಣೆಗೂ ಒಂದೇ ಸರಕು ಹಿಡಿಯಿರಿ. ಮೊಬೈಲ್ ಬೇಡ, ಬ್ರಾಂಡೆಡ್ ಶೂ ಬೇಡ. ಅವನ್ನು ತರಗತಿಯ ಅರ್ಧದಷ್ಟು ಮಂದಿ ತಂದಿರುತ್ತಾರೆ, ಒಳಗಿನ ಲೆಕ್ಕವೂ ನಿಮ್ಮ ಕೈಗೆ ಸಿಗುವುದಿಲ್ಲ. ನಾನು ಹೇಳುವುದು ಫಿಲ್ಟರ್ ಕಾಫಿಪುಡಿ. ಮಾಟುಂಗದಲ್ಲಿ ಇಳಿದು ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಬೀಜ ಹುರಿಯುವ ವಾಸನೆಯೇ ಅಂಗಡಿಗೆ ದಾರಿ ತೋರಿಸುತ್ತದೆ.

ಈಗ ಎಲ್ಲರೂ ಮುಗ್ಗರಿಸುವ ಮೂರನೆಯ ಹೆಜ್ಜೆ: ಸೆಗ್ಮೆಂಟೇಶನ್, ಟಾರ್ಗೆಟಿಂಗ್, ಪೊಸಿಷನಿಂಗ್. ಅಂದರೆ ಗಿರಾಕಿಗಳನ್ನು ಗುಂಪು ಮಾಡುವುದು, ಅದರಲ್ಲಿ ನಮ್ಮ ಗುಂಪನ್ನು ಆರಿಸುವುದು, ಅವರ ಮನಸ್ಸಿನಲ್ಲಿ ನಮ್ಮ ಸರಕಿಗೊಂದು ಜಾಗ ಮಾಡುವುದು.

ಕಳೆದ ವರ್ಷ ನನ್ನ ತಂಗಿಯ ಮಗಳನ್ನು ಅಂಥ ಒಂದು ಅಂಗಡಿಯ ಮೂಲೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಎರಡು ಗಂಟೆ ನಿಲ್ಲಿಸಿದೆ. ಪ್ರಶ್ನೆ ಕೇಳಬಾರದು, ಗಿರಾಕಿ ಆಡಿದ ಮಾತನ್ನಷ್ಟೇ ಬರೆದುಕೊಳ್ಳಬೇಕು. ಒಬ್ಬ ಅಜ್ಜಿ, ‘ಕಾಲು ಕಿಲೋ, ಚಿಕೋರಿ ಬೇಡ, ಈಗಲೇ ಪುಡಿ ಮಾಡಿ ಕೊಡು’ ಎಂದು ಮೆಷಿನ್ ಪಕ್ಕದಲ್ಲೇ ನಿಂತರು. ಅವರ ಹಿಂದೆ ಬಂದ ಕ್ಯಾಂಟೀನಿನವರು, ‘ಎರಡು ಕಿಲೋ, 60-40. ಡಿಕಾಕ್ಷನ್ ದಪ್ಪ ಬರಬೇಕು ಮಾರಾಯ್ರೆ’ ಎಂದರು. 60 ಪಾಲು ಕಾಫಿಗೆ 40 ಪಾಲು ಚಿಕೋರಿ ಎಂದು ಅರ್ಥ. ಆಮೇಲೆ ಐಟಿ ಕೆಲಸದ ಹುಡುಗನೊಬ್ಬ ಫಿಲ್ಟರ್ ಇಲ್ಲದೆ ಕಾಫಿ ಮಾಡುವುದು ಹೇಗೆಂದು ಕೇಳಿ, ಉತ್ತರ ಹಿಡಿಸದೆ ಬರಿಗೈಯಲ್ಲಿ ಹೋದ.

‘ದೊಡ್ಡಮ್ಮಾ, ಇವರಲ್ಲಿ ಯಾರದೂ ವಯಸ್ಸು ಬೇಕಾಗಲೇ ಇಲ್ಲವಲ್ಲ!’ ಎಂದಳು. ಅವಳಿಗೆ ಸೆಗ್ಮೆಂಟೇಶನ್ ಅರ್ಥವಾದದ್ದು ಆಗ. ಅಜ್ಜಿಗೆ ಬೇಕಾದದ್ದು ಪರಿಮಳ, ಕ್ಯಾಂಟೀನಿಗೆ ಒಂದು ಕಿಲೋದಲ್ಲಿ ಎಷ್ಟು ಲೋಟ ಎಂಬ ಲೆಕ್ಕ, ಹುಡುಗನಿಗೆ ಸುಲಭ. ವಯಸ್ಸು, ಆದಾಯ ಬರೆಯಬಾರದೆಂದಲ್ಲ. ಜನ ಯಾಕೆ ಕೊಳ್ಳುತ್ತಾರೆ ಎಂಬುದರಿಂದ ಗುಂಪು ಮಾಡಿ, ಆಮೇಲೆ ಆ ಗುಂಪಿನ ವಯಸ್ಸು, ಆದಾಯ ನೋಡಿ. ಬಹುತೇಕ ಗೈಡುಗಳಲ್ಲಿ ಇದು ತಲೆಕೆಳಗಾಗಿದೆ. ಅಂಥವನ್ನು ಕೊಳ್ಳಬೇಡಿ.

ಪ್ರತಿ ಗುಂಪಿಗೂ ಮೂರು ಪರೀಕ್ಷೆ: ಎಣಿಸಲು ಆಗುತ್ತದೆಯೇ, ಅವರನ್ನು ತಲುಪಲು ದಾರಿ ಇದೆಯೇ, ಲಾಭ ಬರುವಷ್ಟು ದೊಡ್ಡದೇ? ಇಲ್ಲಿ ಕಾನೂನನ್ನೂ ನೋಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಮುದ್ರಿಸಬೇಕು. ಹಾಗಾಗಿ ಅಗ್ಗಕ್ಕೇ ಆಸೆಪಡುವ ಗಿರಾಕಿಗಾಗಿ ಚಿಕೋರಿ ಸುರಿಯುತ್ತಾ ಹೋಗಲು ಆಗುವುದಿಲ್ಲ. ಈ ಒಂದು ವಾಕ್ಯ ನಿಮ್ಮ ಉತ್ತರದಲ್ಲಿದ್ದರೆ ಪರೀಕ್ಷಕರ ಕಣ್ಣು ಅಲ್ಲಿ ನಿಲ್ಲುತ್ತದೆ.

ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ಯಾವ ಬ್ರಾಂಡ್ ಎಲ್ಲಿದೆ ಎಂದು ಗುರುತು ಹಾಕುವ ಪೊಸಿಷನಿಂಗ್ ನಕ್ಷೆಯಲ್ಲಿ ಇನ್ನೊಂದು ತಪ್ಪಾಗುತ್ತದೆ. ಒಂದು ಗೆರೆಗೆ ಬೆಲೆ, ಇನ್ನೊಂದಕ್ಕೆ ಗುಣಮಟ್ಟ ಎಂದು ಬರೆಯುತ್ತಾರೆ. ಬೆಲೆ ಏರಿದಂತೆ ಗುಣಮಟ್ಟವೂ ಏರುತ್ತದೆಂದು ಗಿರಾಕಿ ನಂಬಿರುವುದರಿಂದ ಎಲ್ಲ ಬ್ರಾಂಡುಗಳೂ ಒಂದೇ ಓರೆಗೆರೆಯ ಮೇಲೆ ಸಾಲಾಗಿ ಕೂರುತ್ತವೆ, ಖಾಲಿ ಜಾಗ ಎಲ್ಲಿದೆಯೆಂದು ಕಾಣುವುದೇ ಇಲ್ಲ. ಗಿರಾಕಿಯ ಬಾಯಿಂದ ಬಂದ ಮಾತನ್ನೇ ತೆಗೆದುಕೊಳ್ಳಿ: ಒಂದು ಕಡೆ ‘ಪರಿಮಳ–ದಪ್ಪ’, ಇನ್ನೊಂದು ಕಡೆ ‘ಸುಲಭ–ಶ್ರಮ’. ನಮ್ಮ ಹುಡುಗಿಯ ನಕ್ಷೆಯಲ್ಲಿ ‘ಪರಿಮಳವೂ ಇರಬೇಕು, ಸುಲಭವೂ ಆಗಬೇಕು’ ಎಂಬ ಮೂಲೆ ಖಾಲಿ ಉಳಿಯಿತು. ಬರಿಗೈಯಲ್ಲಿ ಹೋದ ಹುಡುಗ ನಿಂತಿದ್ದದ್ದು ಅಲ್ಲೇ.

ನಾಲ್ಕನೆಯದು ಸರ್ವೆ. ಗೂಗಲ್ ಫಾರ್ಮ್ ಅನ್ನು ವಾಟ್ಸಾಪ್ ಗುಂಪಿಗೆ ಹಾಕಿ ನೂರು ಉತ್ತರ ಬಂತೆಂದು ಬೀಗಬೇಡಿ. ಅವು ನೂರೂ ನಿಮ್ಮದೇ ವಯಸ್ಸಿನ, ನಿಮ್ಮದೇ ಕಾಲೇಜಿನ ಉತ್ತರಗಳು. ಅಂಗಡಿ ಮುಂದೆ ಮೂವತ್ತು ಜನರನ್ನು ಮಾತಾಡಿಸಿ. ‘ರುಚಿ ಮತ್ತು ಬೆಲೆ ತೃಪ್ತಿಯಾಗಿದೆಯೇ?’ ಎಂದು ಕೇಳಿದರೆ ಅದು ಎರಡು ಪ್ರಶ್ನೆ, ಉತ್ತರ ಮಾತ್ರ ಒಂದು. ‘ಇದನ್ನು ಕೊಳ್ಳುತ್ತೀರಾ?’ ಎಂದರೆ ಮರ್ಯಾದೆಗೆ ಹೌದು ಎನ್ನುತ್ತಾರೆ. ‘ಹಿಂದಿನ ಸಲ ಯಾವ ಪುಡಿ ಕೊಂಡಿರಿ, ಎಷ್ಟು ಕೊಟ್ಟಿರಿ?’ ಎಂದು ಕೇಳಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ರಾಜೆಕ್ಟನ್ನು ಮಾತ್ರ ಮುಟ್ಟಬೇಡಿ. ಒಂದೇ ಪೈ ಚಾರ್ಟ್ ಮೂರು ವರ್ಷ ನನ್ನ ಮೇಜಿಗೆ ಬಂದಿದೆ.

ಐದನೆಯದು ಬೆಲೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಕಿಲೋಗೆ ಅಸಲು 400 ರೂಪಾಯಿ, ಮಾರುವುದು 500ಕ್ಕೆ. ಅಸಲಿನ ಮೇಲೆ ನೋಡಿದರೆ ಶೇ 25, ಅದು ಮಾರ್ಕಪ್. ಮಾರುವ ಬೆಲೆಯ ಮೇಲೆ ನೋಡಿದರೆ ಶೇ 20, ಅದು ಮಾರ್ಜಿನ್. ಎರಡನ್ನೂ ಕಲಸಿಬಿಡುವವರು ಪ್ರತಿ ವರ್ಷ ಸಿಗುತ್ತಾರೆ. ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 30,000 ಆದರೆ, ಕಿಲೋಗೆ 100 ಉಳಿಯುವಾಗ 300 ಕಿಲೋ ಮಾರಿದರೆ ಖರ್ಚು ಹುಟ್ಟುತ್ತದೆ. ಶೇ 10 ಡಿಸ್ಕೌಂಟ್ ಕೊಟ್ಟು ನೋಡಿ. ಕಿಲೋಗೆ ಉಳಿಯುವುದು 50, ಮಾರಬೇಕಾದದ್ದು 600 ಕಿಲೋ. ‘ಹಬ್ಬಕ್ಕೆ ಆಫರ್ ಕೊಡಬೇಕು’ ಎಂದು ಪ್ರಮೋಷನ್ ಅಧ್ಯಾಯದಲ್ಲಿ ಬರೆಯುವ ಮೊದಲು ಈ ಲೆಕ್ಕ ಹಾಕಲೇಬೇಕು.

ರಿಪೋರ್ಟ್ ಬರೆಯುವುದು, ಬೈಂಡ್ ಮಾಡಿಸುವುದು ಎರಡು ದಿನದ ಕೆಲಸ. ಬಣ್ಣದ ರಕ್ಷಾಪುಟಕ್ಕೆ ದುಡ್ಡು ಹಾಕಬೇಡಿ. ವೈವಾಗೆ (ಮೌಖಿಕ ಪರೀಕ್ಷೆಗೆ) ಹೋಗುವಾಗ ಅಂಗಡಿಯಲ್ಲಿ ನಿಂತು ಬರೆದ ಆ ಮಸುಕಾದ ನೋಟ್‌ಬುಕ್ಕನ್ನೇ ಜೊತೆಗಿಟ್ಟುಕೊಳ್ಳಿ. ‘ಇದನ್ನು ಯಾರು ಹೇಳಿದರು?’ ಎಂದು ಪರೀಕ್ಷಕರು ಕೇಳಿದಾಗ ಆ ಪುಟ ತೆರೆದು, ಅಜ್ಜಿ ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಓದಿ ಹೇಳಿ.