ಡಿಎಸ್‌ಡಿಎನ್‌ಎ ಏರಿದಾಗ ನಾನು ಮೊದಲು ನೋಡುವುದು ಮೂತ್ರ

ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದರ ರೋಗಿಗಳ ಫೈಲಿನ ಕೊನೆಯ ಹಾಳೆಯಲ್ಲಿ ನಾನೇ ಗೆರೆ ಎಳೆದು ಬರೆದುಕೊಳ್ಳುತ್ತೇನೆ: ತಾರೀಖು, ಆಂಟಿ-ಡಿಎಸ್‌ಡಿಎನ್‌ಎ (ಸ್ವಂತ ಡಿಎನ್‌ಎ ವಿರುದ್ಧವೇ ದೇಹ ತಯಾರಿಸುವ ಪ್ರತಿಕಾಯ, ಕಾಯಿಲೆ ಕೆರಳಿದಾಗ ಸಾಮಾನ್ಯವಾಗಿ ಏರುತ್ತದೆ), ಸಿ3, ಸಿ4 (ರಕ್ತದ ರಕ್ಷಣಾ ಪ್ರೋಟೀನ್‌ಗಳು, ಆಗ ಇಳಿಯುತ್ತವೆ), ಮೂತ್ರದ ಪ್ರೋಟೀನ್. ಎಲ್ಲ ಕಂಪ್ಯೂಟರಿನಲ್ಲೂ ಇದೆ, ನಿಜ. ಆದರೆ ಒಂದರ ಪಕ್ಕ ಒಂದು ಇಟ್ಟಾಗಲೇ ಏರಿಳಿತ ಕಣ್ಣಿಗೆ ಬೀಳುವುದು. ಎಎನ್‌ಎ ಎಂಬ ಇನ್ನೊಂದು ಪ್ರತಿಕಾಯ ಪರೀಕ್ಷೆಗೆ ಅಲ್ಲಿ ಜಾಗವಿಲ್ಲ. ಕಾಯಿಲೆ ಪತ್ತೆ ಮಾಡುವಾಗ ಅದು ಬೇಕು. ಆಮೇಲೆ ಪದೇ ಪದೇ ಮಾಡಿಸುವುದು ಸುಮ್ನೆ ದುಡ್ಡು ದಂಡ.

ಶುರುವಿನಲ್ಲಿ ನಾನು ಬರೀ ನಂಬರಿನ ಹಿಂದೆ ಬಿದ್ದಿದ್ದೆ. ಒಬ್ಬ ಹುಡುಗಿಯ ಡಿಎಸ್‌ಡಿಎನ್‌ಎ ದುಪ್ಪಟ್ಟಾಗಿತ್ತು. ಬೇರೆ ತೊಂದರೆ ಏನೂ ಇರಲಿಲ್ಲ. ಹೆದರಿ ಸ್ಟೀರಾಯ್ಡ್ ಜಾಸ್ತಿ ಮಾಡಿದೆ. ಅವಳ ಮುಖ ಊದಿಕೊಂಡಿತು. "ಕಾಯಿಲೆ ಬಂದಾಗಲೂ ನಾನು ಹೀಗಿರಲಿಲ್ಲ ಡಾಕ್ಟ್ರೇ" ಅಂದಳು. ಆಮೇಲೆ ನೋಡಿದರೆ ಹಿಂದಿನ ರಿಪೋರ್ಟ್ ಬೇರೆ ಲ್ಯಾಬಿನದು, ಪರೀಕ್ಷೆಯ ವಿಧಾನವೂ ಬೇರೆ. ಎರಡನ್ನೂ ಹೋಲಿಸುವಂತೆಯೇ ಇರಲಿಲ್ಲ! ಈಗ ಪ್ರತಿ ಸಲ ಒಂದೇ ಲ್ಯಾಬ್.

ಇನ್ನೊಬ್ಬರದು ತಿರುಗಾ ಮುರುಗಾ. ಕೀಲುನೋವಿಲ್ಲ, ಜ್ವರವಿಲ್ಲ, ಆರಾಮಾಗಿದ್ದರು. ಹಾಳೆಯಲ್ಲಿ ಮಾತ್ರ ಮೂರು ಭೇಟಿಯಿಂದ ಡಿಎಸ್‌ಡಿಎನ್‌ಎ ಏರುತ್ತಿತ್ತು, ಸಿ3 ಇಳಿಯುತ್ತಿತ್ತು. ಮೂತ್ರದಲ್ಲಿ ನೊರೆ ಬರುತ್ತಾ ಎಂದು ಕೇಳಿದೆ. "ಬರುತ್ತೆ, ನೀರು ಹಾಕಿದ್ರೂ ಹೋಗಲ್ಲ, ಅದೂ ಹೇಳ್ಬೇಕಿತ್ತಾ?" ಅಂದರು. ದಿನಕ್ಕೆ 0.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರುತ್ತಿತ್ತು. ಬಯಾಪ್ಸಿಯಲ್ಲಿ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದ ಆದ ಮೂತ್ರಪಿಂಡದ ಉರಿಯೂತ ಕಂಡಿತು. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಆಗಿನ್ನೂ ಸರಿಯಾಗಿಯೇ ಇತ್ತು.

ಲೂಪಸ್ ಇರುವ ಕೆಲವರಿಗಿರುವ ರಕ್ತ ಹೆಪ್ಪುಗಟ್ಟುವ ಅಪಾಯ ತಿಳಿಯಲು ಬೇರೆ ಮೂರು ಪ್ರತಿಕಾಯ ಪರೀಕ್ಷೆಗಳಿವೆ: ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ-ಬೀಟಾ-2 ಗ್ಲೈಕೋಪ್ರೋಟೀನ್. ಮೂರೂ ಪಾಸಿಟಿವ್ ಆದವರ ಮೇಲೆ ನನ್ನ ಕಣ್ಣು ಜಾಸ್ತಿ. ಮೊದಲನೆಯದರ ಹೆಸರೇ ಮೋಸ, ಆ್ಯಂಟಿಕೊಯಾಗ್ಯುಲೆಂಟ್ ಅಂದರೆ ಹೆಪ್ಪುಗಟ್ಟದಂತೆ ತಡೆಯುವುದು. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ, ಮೈಯೊಳಗೆ ಹೆಪ್ಪುಗಟ್ಟಿಸುತ್ತದೆ. ಒಮ್ಮೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೋಗುತ್ತಿರುವಾಗಲೇ ರಕ್ತ ಕಳಿಸಿ, ಅದರಿಂದ ಬಂದ ಸುಳ್ಳು ಪಾಸಿಟಿವ್ ನಂಬಿ ಪೇಚಿಗೆ ಸಿಕ್ಕಿದ್ದೆ. ಹೇಗೂ ಒಂದು ಪಾಸಿಟಿವ್ ಸಾಲದು, 12 ವಾರ ಬಿಟ್ಟು ಮತ್ತೆ ನೋಡಲೇಬೇಕು.

ಮಗು ಬೇಕೆನ್ನುವವರಿಗೆ ಆಂಟಿ-ರೋ ಎಂಬ ಪ್ರತಿಕಾಯದ ಪರೀಕ್ಷೆ ಮೊದಲೇ ಮಾಡಿಸುತ್ತೇನೆ. ಪಾಸಿಟಿವ್ ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಹಾರ್ಟ್ ಬ್ಲಾಕ್, ಅಂದರೆ ಹೃದಯ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ ಆಗಬಹುದು. ಅದಕ್ಕೇ 16ನೇ ವಾರದ ಹೊತ್ತಿಗೆ ಮಗುವಿನ ಹೃದಯದ ಎಕೋ ಶುರು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಅಪಾಯವನ್ನು ತಗ್ಗಿಸಬಹುದು. ಬಸುರಿ ಅಂತ ಗೊತ್ತಾದ ಕೂಡಲೇ ಯಾರದೋ ಮಾತು ಕೇಳಿ ಆ ಮಾತ್ರೆಯನ್ನೇ ಬಿಟ್ಟು ಬರುತ್ತಾರೆ. ಎಕೋ ಚೀಟಿಗಿಂತ ಮುಂಚೆ ಅದನ್ನೇ ಮತ್ತೆ ಬರೆದುಕೊಡುತ್ತೇನೆ.