ಲೋಡರ್ ಪ್ರಾಂಪ್ಟಿನಲ್ಲಿ ಕಳೆದ ಮಳೆಗಾಲ

ಶಿರಸಿಯ ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಎಲ್ಲೋ ಒಂದು ಟೊಂಗೆ ಲೈನಿನ ಮೇಲೆ ಬಿದ್ದರೆ ಮುಗಿಯಿತು. ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವ ನಾನು ಅಟ್ಟದ ಮೇಲೆ ಡೇಟಾ ಸೆಂಟರ್ ನೆಟ್‌ವರ್ಕ್ ಕಲಿಯುವ ಲ್ಯಾಬ್ ಕಟ್ಟಲು ಹೊರಟದ್ದು ಜುಲೈನಲ್ಲಿ. ಬುದ್ಧಿ ಇದ್ದವರು ಡಿಸೆಂಬರ್ ತನಕ ಕಾಯುತ್ತಿದ್ದರು.

64 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಸಿಕ್ಕಿತ್ತು. ಬಯಾಸ್‌ನಲ್ಲಿ ವಿಟಿ-ಎಕ್ಸ್ (ವರ್ಚುವಲ್ ಯಂತ್ರ ಓಡಿಸಲು ಬೇಕಾದ ಪ್ರೊಸೆಸರ್ ಸೌಲಭ್ಯ) ಆನ್ ಮಾಡಿ, ಒಂದೇ ಕಂಪ್ಯೂಟರಿನಲ್ಲಿ ಹಲವು ವರ್ಚುವಲ್ ಸ್ವಿಚ್ ಓಡಿಸುವ ಈವ್-ಎನ್‌ಜಿಯನ್ನು ನೇರವಾಗಿ ಡಿಸ್ಕಿಗೇ ಹಾಕಿದೆ. ಕಲಿಯಬೇಕಿದ್ದುದು ವಿಎಕ್ಸ್‌ಲ್ಯಾನ್ ಇವಿಪಿಎನ್, ಅಂದರೆ ಒಂದು ನೆಟ್‌ವರ್ಕಿನ ಮೇಲೆ ಇನ್ನೊಂದನ್ನು ಹಾಸುವ ವಿಧಾನ: ಎರಡು ಸ್ಪೈನ್ (ನಡುವಿನ ಸ್ವಿಚ್), ನಾಲ್ಕು ಲೀಫ್ (ಸರ್ವರ್‌ಗಳು ಸೇರುವ ಸ್ವಿಚ್). ಸಿಸ್ಕೊದ ವರ್ಚುವಲ್ ಸ್ವಿಚ್ ನೆಕ್ಸಸ್ 9000ವಿ ಒಂದಕ್ಕೆ 8 ಜಿಬಿ ಕೊಟ್ಟರೆ ಆರಕ್ಕೆ 48. ಲೆಕ್ಕ ಕೂಡಿಬಂತು.

ಇಮೇಜ್ (ಸ್ವಿಚ್ಚಿನ ಸಾಫ್ಟ್‌ವೇರ್ ಇರುವ ಡಿಸ್ಕ್ ಫೈಲು) ಹಾಕುವಾಗ ಎಡವಿದ್ದು ಹೆಸರಿನಲ್ಲಿ. ಡಿಸ್ಕ್ ಫೈಲಿಗೆ ‘ಸಾಟಾಎ’ ಎಂದೇ ಹೆಸರಿಡಬೇಕು. ನಾನು ಹಳೇ ರೂಢಿಯಲ್ಲಿ ‘ಎಚ್‌ಡಿಎ’ ಎಂದಿಟ್ಟೆ. ಈವ್ ಅದನ್ನು ಹಳೇ ಬಗೆಯ ಐಡಿಇ ಡಿಸ್ಕಾಗಿ ಜೋಡಿಸಿತು, ಸ್ವಿಚ್ ಮೇಲೇಳಲಿಲ್ಲ. ಹೆಸರು ತಿದ್ದಿ, ಪರ್ಮಿಷನ್ ಸರಿಪಡಿಸುವ ಕಮಾಂಡ್ ಓಡಿಸಿದ ಮೇಲೆ ಎದ್ದಿತು. ಆರನ್ನೂ ಒಟ್ಟಿಗೆ ಎಬ್ಬಿಸಿದರೆ ಸಿಪಿಯು ಉಸಿರುಗಟ್ಟುತ್ತದೆ. ಎರಡೆರಡಾಗಿ, ನಡುವೆ ಐದಾರು ನಿಮಿಷ ಬಿಟ್ಟು ಶುರುಮಾಡಿದೆ. ಮೊದಲ ಬೂಟಿನಲ್ಲಿ ಪೋಆಪ್ (ತಾನಾಗಿ ಕಾನ್ಫಿಗ್ ತರಿಸಿಕೊಳ್ಳುವ ವ್ಯವಸ್ಥೆ) ನಿಲ್ಲಿಸಲೇ ಎಂದು ಕೇಳಿದಾಗ ‘ಸ್ಕಿಪ್’ ಎಂದೆ. ಸಂಜೆಯೊಳಗೆ, ಸ್ವಿಚ್ಚುಗಳು ದಾರಿ ಹಂಚಿಕೊಳ್ಳುವ ಪ್ರೋಟೊಕಾಲ್‌ಗಳಲ್ಲಿ, ಓಎಸ್‌ಪಿಎಫ್ ನೆರೆಹೊರೆ ಕೂಡಿತು, ಬಿಜಿಪಿಯೂ ಏರಿತು. ಎಲ್ಲ ಸೇವ್ ಮಾಡಿ ಊಟಕ್ಕೆ ಇಳಿದೆ.

"ತಮಾ, ಕರೆಂಟ್ ಹೋತು" ಎಂದಳು ಆಯಿ, ಹುಳಿ ಬಡಿಸುತ್ತಾ. ಮನೆಯ ಇನ್ವರ್ಟರಿಗೆ ಸೇರಿದ್ದು ನಾಲ್ಕು ದೀಪ, ಎರಡು ಫ್ಯಾನು, ಒಂದು ರೂಟರ್ ಮಾತ್ರ.

ಕರೆಂಟು ಬಂದ ಮೇಲೆ ಹತ್ತಿ ನೋಡಿದರೆ ಆರೂ ಕನ್ಸೋಲಿನಲ್ಲಿ ಒಂದೇ ಸಾಲು: ‘ಲೋಡರ್’, ಪಕ್ಕದಲ್ಲಿ ಮಿಣುಕುವ ಕರ್ಸರ್. ಸ್ವಿಚ್ಚಿನ ಓಎಸ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ ಅದು, ಅಲ್ಲೇ ನಿಂತಿತ್ತು. ಇಮೇಜೇ ಕೆಟ್ಟಿತೆಂದುಕೊಂಡು ಎಲ್ಲ ಅಳಿಸಿ ಮತ್ತೆ ಕಟ್ಟಿದೆ. ಮರುದಿನ ಕರೆಂಟು ಹೋಯಿತು, ಮತ್ತೆ ಲೋಡರ್. ಹೀಗೆ ಮೂರು ಸಲ. ಆಮೇಲೆ ಇನ್‌ಸ್ಟಾಲೇಷನ್ ಗೈಡ್ ಓದಿದೆ. ಮೊದಲೇ ಓದಬಹುದಿತ್ತು, ಆದರೆ ಯಾರು ಓದುತ್ತಾರೆ?

ಸಂಗತಿ ಸಣ್ಣದು. ಯಾವ ಫೈಲಿನಿಂದ ಬೂಟ್ ಆಗಬೇಕೆಂದು ಹೊಸ 9000ವಿಗೆ ನಾವೇ ಹೇಳಿಡಬೇಕು. ಹೇಳದಿದ್ದರೆ ಮೊದಲ ಸಲ ಎದ್ದರೂ ರಿಲೋಡ್ ಆದಾಗ ಲೋಡರಿನಲ್ಲೇ ನಿಲ್ಲುತ್ತದೆ. ಅಲ್ಲಿ ಸಿಕ್ಕಿಬಿದ್ದಾಗ ‘ಡಿರ್’ ಕೊಟ್ಟರೆ ಬಿನ್ ಫೈಲಿನ ಹೆಸರು ಕಾಣುತ್ತದೆ. ‘ಬೂಟ್’ ಬರೆದು ಮುಂದೆ ಆ ಹೆಸರು ಹಾಕಿದರೆ ಏಳುತ್ತದೆ. ಎದ್ದ ಮೇಲೆ ಕಾನ್ಫಿಗ್ ಮೋಡಿನಲ್ಲಿ ‘ಬೂಟ್ ಎನ್‌ಎಕ್ಸ್‌ಓಎಸ್’ ಸಾಲಿನಲ್ಲಿ ಬೂಟ್‌ಫ್ಲ್ಯಾಶ್‌ನ (ಸ್ವಿಚ್ಚಿನ ಒಳ ಸಂಗ್ರಹದ) ಅದೇ ಫೈಲನ್ನು ತೋರಿಸಿ ಸೇವ್ ಮಾಡಬೇಕು. ಅಷ್ಟೇ. ನಾನು ಅಳಿಸಿದ ಕಾನ್ಫಿಗ್‌ಗಳೆಲ್ಲ ಸರಿಯಾಗಿಯೇ ಇದ್ದವು.

ಪ್ರತಿ ಹೊಸ ನೋಡ್‌ಗೂ (ಲ್ಯಾಬಿನ ಒಂದೊಂದು ಸ್ವಿಚ್ಚಿಗೂ) ಇದನ್ನೇ ಮಾಡುವ ರಗಳೆ ಬೇಡವೆಂದು ಮೂಲ ಇಮೇಜಿನೊಳಗೇ ಸೇರಿಸಲು ಹೊರಟೆ. ಈವ್ ಮೂಲ ಕ್ಯೂಕೌ2 ಡಿಸ್ಕ್ ಫೈಲನ್ನು ಮುಟ್ಟುವುದಿಲ್ಲ. ಪ್ರತಿ ನೋಡ್‌ನ ಬದಲಾವಣೆಯನ್ನು ಅದರ ಮೇಲೆ ಬೇರೆ ಪದರವಾಗಿ ಬರೆಯುತ್ತದೆ. ಒಂದು ನೋಡ್‌ನಲ್ಲಿ ಬೂಟ್ ಸಾಲು ಹಾಕಿ, ಆಫ್ ಮಾಡಿ, ಡಿಸ್ಕ್ ಫೈಲು ನಿಭಾಯಿಸುವ ಕೆಮು-ಇಮೇಜಿನ ‘ಕಮಿಟ್’ ಕೊಟ್ಟರೆ ಆ ಪದರ ಮೂಲಕ್ಕೆ ಇಳಿಯುತ್ತದೆ. ಇಳಿಯಿತು. ಆದರೆ ಅದೇ ಮೂಲದ ಮೇಲೆ ಕೂತಿದ್ದ ಹಳೇ ಲ್ಯಾಬಿನ ಪದರಗಳಿಗೆ ಕೆಳಗಿನ ನೆಲವೇ ಬದಲಾಗಿತ್ತು, ಒಂದೂ ಉಳಿಯಲಿಲ್ಲ. ಈಗ ಮೊದಲು ಮೂಲದ ಪ್ರತಿ ತೆಗೆದು, ಹೊಸ ಫೋಲ್ಡರಿನಲ್ಲಿಟ್ಟು, ಆ ಪ್ರತಿಗೇ ಕಮಿಟ್ ಮಾಡುತ್ತೇನೆ. ಹಳೇ ಲ್ಯಾಬು ಹಳೇ ಮೂಲದ ಮೇಲೆ ತಣ್ಣಗಿರುತ್ತದೆ.

ಈ ಸ್ವಿಚ್ಚುಗಳಲ್ಲಿ ವೇಗ ಅಳೆಯಲು ಹೋಗಬೇಡಿ. ಪ್ಯಾಕೆಟ್ ಸಾಗಿಸುವುದು ಸಾಫ್ಟ್‌ವೇರ್, ಚಿಪ್ಪಲ್ಲ. ಕ್ಯೂಓಎಸ್ (ಟ್ರಾಫಿಕ್ಕಿಗೆ ಆದ್ಯತೆ ಕೊಡುವ ವ್ಯವಸ್ಥೆ) ಬಫರಿನ ನಡವಳಿಕೆಯೂ ಇಲ್ಲಿ ತಿಳಿಯುವುದಿಲ್ಲ. ಕಂಟ್ರೋಲ್ ಪ್ಲೇನ್ (ದಾರಿ ತೀರ್ಮಾನಿಸುವ ಭಾಗ) ಕಲಿಯಲು, ಆಟೊಮೇಷನ್ ಸ್ಕ್ರಿಪ್ಟ್ ಓಡಿಸಿ ನೋಡಲು ಧಾರಾಳ ಸಾಕು.

ವರ್ಕ್‌ಸ್ಟೇಷನ್ನಿಗೆ ಯುಪಿಎಸ್ ತಂದದ್ದು ಆಗಸ್ಟಿನಲ್ಲಿ. ಅದು ಎಳೆಯುವುದು ಹತ್ತು ನಿಮಿಷ. ಆರನ್ನೂ ನೆಟ್ಟಗೆ ಆಫ್ ಮಾಡಲು ಸಾಲುತ್ತದೆ. ಕೂಗು ಬಂದ ಕೂಡಲೇ ಮೆಟ್ಟಿಲು ಹತ್ತಬೇಕು, ಅಷ್ಟೇ. "ತಮಾ, ಕರೆಂಟ್ ಹೋತು. ಆ ಪೆಟ್ಗೆ ಬಂದ್ ಮಾಡ್ಕ್ಯ!"