ಕಾಸರಗೋಡಿನಲ್ಲಿ ಮೈಕ್ರೋಗ್ಲಿಯಾ ಬೆಳೆಸಿದ ನನ್ನ ಅನುಭವ

ಮಂಗಳೂರಿನ ಒಂದು ಪ್ರಾಣಿಗೃಹದಲ್ಲಿ ಇಲಿಮರಿಗಳ ಮಿದುಳನ್ನು ಬಿಡಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ಕಾಸರಗೋಡಿಗೆ ತಂದು, ಅದರಿಂದ ಮೈಕ್ರೋಗ್ಲಿಯಾ (ಮಿದುಳಿನ ರಕ್ಷಣಾ ಕೋಶಗಳು) ಬೆಳೆಸುತ್ತೇನೆಂದು ನಾನು ಹೇಳಿದಾಗ ಈ ಕೆಲಸ ಬಲ್ಲ ಮೂವರಲ್ಲಿ ಇಬ್ಬರು ನಕ್ಕರು. ಮೂರನೆಯವರು ಹಣ ಹಾಳು ಮಾಡಬೇಡಿ ಎಂದರು. ಅವರ ಮಾತು ಒಂದೂವರೆ ವರ್ಷ ನಿಜವಾಗಿಯೇ ಇತ್ತು. ಹಾಳಾದದ್ದು ಸುಮಾರು ಎರಡೂವರೆ ಲಕ್ಷ ರೂಪಾಯಿ, ಸತ್ತ ಬ್ಯಾಚುಗಳು ಹನ್ನೊಂದೋ ಹನ್ನೆರಡೋ. ಈಗ ಸತತವಾಗಿ ಎಂಟು ಬ್ಯಾಚುಗಳು ಒಂದೇ ರೀತಿ ಬಂದಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ. ಮಿಶ್ರ ಗ್ಲಿಯಾ ಕಲ್ಚರ್ (ಮೈಕ್ರೋಗ್ಲಿಯಾವನ್ನೂ ಆಸ್ಟ್ರೋಸೈಟುಗಳೆಂಬ ಪೋಷಕ ಕೋಶಗಳನ್ನೂ ಒಟ್ಟಿಗೆ ಬೆಳೆಸುವುದು) ಮಾಡಿ ಗೊತ್ತಿರುವವರಿಗೆ ಮಾತ್ರ ಇದು ಉಪಯೋಗವಾದೀತು.

ನನಗೆ ಬೇಕಾಗಿದ್ದದ್ದು ಬರೀ ಮೈಕ್ರೋಗ್ಲಿಯಾ ಅಲ್ಲ, ಉದ್ರೇಕಗೊಳ್ಳದೆ ಶಾಂತವಾಗಿರುವ ಮೈಕ್ರೋಗ್ಲಿಯಾ. ನರತಂತುಗಳ ಹೊದಿಕೆಯಾದ ಮೈಯೆಲಿನ್ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ರೋಗದಲ್ಲಿ ಇಂದು ಬಳಕೆಯಲ್ಲಿರುವ ಹೆಚ್ಚಿನ ಔಷಧಗಳು ರಕ್ತದ ಟಿ ಮತ್ತು ಬಿ ಎಂಬ ರಕ್ಷಣಾ ಕೋಶಗಳನ್ನು ಕಟ್ಟಿಹಾಕುತ್ತವೆ. ಮರುಕಳಿಕೆ ಕಡಿಮೆಯಾಗುತ್ತದೆ, ಆದರೆ ಎಷ್ಟೋ ರೋಗಿಗಳ ನಡಿಗೆ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಕೆಡುತ್ತಲೇ ಹೋಗುತ್ತದೆ. ಹಳೆಯ ಗಾಯಗಳ ಅಂಚಿನಲ್ಲಿ ಕಬ್ಬಿಣ ತುಂಬಿಕೊಂಡ ಮೈಕ್ರೋಗ್ಲಿಯಾದ ಉಂಗುರವೊಂದು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುವುದನ್ನು ಎಂಆರ್‌ಐಯಲ್ಲೇ ಗುರುತಿಸಬಹುದು. ಅದೇ ಕೋಶ ಇನ್ನೊಂದು ಕಡೆ ಒಡೆದುಬಿದ್ದ ಮೈಯೆಲಿನ್ ಚೂರುಗಳನ್ನು ನುಂಗಿ ಜಾಗ ತೆರವು ಮಾಡುತ್ತದೆ. ಆ ಗುಡಿಸುವಿಕೆ ನಡೆಯದಿದ್ದರೆ ಹೊಸ ಮೈಯೆಲಿನ್ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ಹೀಗೆ ಎರಡು ಕೆಲಸ ಮಾಡುವ ಕೋಶವನ್ನು ತಟ್ಟೆಗೆ ಹಾಕುವಾಗಲೇ ಕೆರಳಿಸಿಬಿಟ್ಟರೆ, ಆಮೇಲೆ ಕಾಣುವುದೆಲ್ಲ ನಮ್ಮ ಕೈಗುಣವೇ ಹೊರತು ರೋಗದ ಗುಣವಲ್ಲ. ಈ ಮಾತು ನನಗೆ ಅರ್ಥವಾಗಲು ಹಣ ಖರ್ಚಾಗಬೇಕಾಯಿತು.

ಮೊದಲು ಸಾಗಾಟದ ವಿಷಯ. ನೈತಿಕ ಸಮಿತಿಯ ಅನುಮತಿ ಇದ್ದದ್ದು ಮಂಗಳೂರಿನಲ್ಲಿ, ಹುಡ್ (ಸೋಸಿದ ಗಾಳಿಯಲ್ಲಿ ಕೆಲಸ ಮಾಡುವ ಪೆಟ್ಟಿಗೆ) ಮತ್ತು ಮೈಕ್ರೋಸ್ಕೋಪು ಇದ್ದದ್ದು ಇಲ್ಲಿ. ಮೊದಮೊದಲು ಮಿದುಳನ್ನು ಡಿಎಂಇಎಂ ಎಂಬ ಪೋಷಕ ದ್ರವದಲ್ಲೇ ತರುತ್ತಿದ್ದೆ. ಹೊರಗಿನ ಗಾಳಿಯಲ್ಲಿ ಅದರ ಪಿಎಚ್ ಏರಿ, ಕುಂಬಳೆ ದಾಟುವಷ್ಟರಲ್ಲಿ ದ್ರವ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಬ್ಯಾಚುಗಳಲ್ಲಿ ಅರ್ಧಕ್ಕರ್ಧ ಕೋಶ ಸತ್ತಿರುತ್ತಿದ್ದವು. ಕಾರ್ಬನ್ ಡೈ ಆಕ್ಸೈಡ್ ಬೇಡದ ಎಲ್-15 ಎಂಬ ದ್ರವಕ್ಕೆ ಬದಲಾಯಿಸಿದ ಮೇಲೆ ಆ ತಲೆನೋವು ಹೋಯಿತು. ಪೆಟ್ಟಿಗೆ ಮೀನಿನವರು ಬಳಸುವ ಥರ್ಮಾಕೋಲಿನದ್ದು, ಬೆಲೆ ನೂರೈವತ್ತು ರೂಪಾಯಿ. ಟ್ಯೂಬು ನೇರವಾಗಿ ಐಸ್‌ಗೆ ತಗುಲದಂತೆ ನಡುವೆ ಒಂದು ಬೈರಾಸು ಸುತ್ತಬೇಕು. ಒಮ್ಮೆ ಸುತ್ತದೆ ತಂದು, ಅಂಚಿನಲ್ಲಿದ್ದ ಎರಡು ಮಿದುಳು ಹೆಪ್ಪುಗಟ್ಟಿದ್ದವು. ಪ್ರಾಣಿಗೃಹದಿಂದ ಪ್ರಯೋಗಶಾಲೆಗೆ ಎರಡೂವರೆ ಗಂಟೆ ಹಿಡಿದರೂ ಈಗ ನೂರಕ್ಕೆ ಎಂಬತ್ತೈದರಷ್ಟು ಕೋಶ ಜೀವಂತ ಸಿಗುತ್ತವೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳೇ ಮಂಗಳೂರಿಗೆ ಹೋಗಲಾಗದೆ ಪಾಡುಪಟ್ಟರು. ನನ್ನ ಇಲಿಮರಿಗಳ ಗೋಳನ್ನು ಆಗ ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ, ಕೆಲಸ ತಿಂಗಳುಗಟ್ಟಲೆ ನಿಂತಿತು.

ಮಳೆಗಾಲದ ಬೂಸ್ಟು ಇನ್ನೊಂದು ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟ ಫ್ಲಾಸ್ಕುಗಳಲ್ಲಿ ಮೂರಕ್ಕೊಂದು ಹಾಳಾಗುತ್ತಿತ್ತು. ಇನ್‌ಕ್ಯುಬೇಟರನ್ನು ತೊಳೆದೆ, ನೀರಿನ ತಟ್ಟೆಗೆ ತಾಮ್ರದ ತುಂಡು ಹಾಕಿದೆ, ಫಿಲ್ಟರ್ ಬದಲಾಯಿಸಿದೆ. ಕೊನೆಗೆ ಸಿಕ್ಕಿದ ಕಳ್ಳ ನಾನೇ: ಬೆಳಗ್ಗೆ ಮನೆಯ ಅಟ್ಟದಿಂದ ಅಡಿಕೆ ಇಳಿಸಿ, ಅದೇ ಅಂಗಿಯಲ್ಲಿ ಬಂದು ಹುಡ್‌ನ ಮುಂದೆ ಕುಳಿತುಕೊಳ್ಳುತ್ತಿದ್ದೆ. ಈಗ ಪ್ರಯೋಗಶಾಲೆಯಲ್ಲೇ ಒಂದು ಜೊತೆ ಬಟ್ಟೆ ಇಟ್ಟಿದ್ದೇನೆ.

ಎಲ್ಲರಂತೆ ನಾನೂ ಫ್ಲಾಸ್ಕನ್ನು ಶೇಕರಿನ ಮೇಲೆ ಅಲುಗಾಡಿಸಿ ಮೈಕ್ರೋಗ್ಲಿಯಾ ಉದುರಿಸುವ ದಾರಿಯಲ್ಲೇ ಶುರು ಮಾಡಿದೆ. ಫ್ಲಾಸ್ಕಿಗೆ ನಾಲ್ಕೈದು ಲಕ್ಷ ಕೋಶ ಸಿಕ್ಕಿದರೆ ಹಬ್ಬ. ಸಿಕ್ಕಿದವೂ ದುಂಡಗೆ, ಆಗಲೇ ಜಗಳಕ್ಕೆ ನಿಂತಂತೆ ಇರುತ್ತಿದ್ದವು. ಹಾಗಾಗಿ ಮಿಶ್ರ ಗ್ಲಿಯಾವನ್ನು ನೇರವಾಗಿ 24 ಗುಳಿಗಳ ತಟ್ಟೆಯಲ್ಲಿ ಬೆಳೆಸಿ, ಸುಮಾರು ಹದಿನೆಂಟನೆಯ ದಿನ ತೆಳು ಟ್ರಿಪ್ಸಿನ್ (ಕೋಶಗಳ ಹಿಡಿತ ಸಡಿಲಿಸುವ ಕಿಣ್ವ) ಹಾಕಿ ಆಸ್ಟ್ರೋಸೈಟುಗಳನ್ನು ಎಬ್ಬಿಸುವ ದಾರಿಗೆ ಬಂದೆ. ಇದು ನನ್ನ ಆವಿಷ್ಕಾರವೇನಲ್ಲ. ಆದರೆ ನಮ್ಮ ಕಡೆ ಯಾರೂ ನಂಬಿರಲಿಲ್ಲ. ಮೊದಲ ಸಲ ಟ್ರಿಪ್ಸಿನ್ನನ್ನು ಪಿಬಿಎಸ್ ಎಂಬ, ಕ್ಯಾಲ್ಷಿಯಂ ಇಲ್ಲದ ಉಪ್ಪುನೀರಿನಲ್ಲಿ ತೆಳು ಮಾಡಿ ಹಾಕಿದಾಗ ಮೈಕ್ರೋಗ್ಲಿಯಾ ಸಮೇತ ಎಲ್ಲವೂ ಎದ್ದುಹೋಯಿತು, ತಟ್ಟೆಯ ತಳ ತೊಳೆದಿಟ್ಟ ಕನ್ನಡಿಯಂತಿತ್ತು. ಕ್ಯಾಲ್ಷಿಯಂ ಇರಬೇಕು, ಸೀರಂ (ರಕ್ತದ ತಿಳಿ) ಇಲ್ಲದ ಡಿಎಂಇಎಂನಲ್ಲಿ ಒಂದಕ್ಕೆ ಮೂರು ತೆಳು ಮಾಡಿದರೆ ಅರ್ಧ ಗಂಟೆಯ ಹೊತ್ತಿಗೆ ಆಸ್ಟ್ರೋಸೈಟುಗಳ ಪದರ ಅಂಚಿನಿಂದ ಸುರುಟಿಕೊಂಡು, ಕಾಯಿಸಿದ ಹಾಲಿನ ಕೆನೆಯಂತೆ ಒಂದೇ ತುಂಡಾಗಿ ಎದ್ದು ತೇಲುತ್ತದೆ. ಅಡಿಯಲ್ಲಿ ಮೈಕ್ರೋಗ್ಲಿಯಾ ಕದಲದೆ ಕುಳಿತಿರುತ್ತವೆ. ಮೈಕ್ರೋಗ್ಲಿಯಾದ ಗುರುತಾದ ಐಬಿಎ-1ಕ್ಕೆ ಬಣ್ಣ ಹಾಕಿ ಎಣಿಸಿದಾಗ ನೂರಕ್ಕೆ ತೊಂಬತ್ತೇಳರ ಆಸುಪಾಸು ಶುದ್ಧ. ಪದರ ಏಳುವ ಸರಿಯಾದ ಕ್ಷಣವನ್ನು ತಟ್ಟೆ ಓರೆಮಾಡಿ ಗುರುತಿಸುವ ಒಂದು ಉಪಾಯವಿದೆ, ಅದನ್ನು ನಮ್ಮ ಹುಡುಗರಿಗೆ ಮಾತ್ರ ಕಲಿಸಿದ್ದೇನೆ.

ಇಷ್ಟಾದರೂ ಕೋಶಗಳು ಎರಡು ದಿನದಲ್ಲಿ ಮತ್ತೆ ದುಂಡಗಾಗುತ್ತಿದ್ದವು. ಆರೋಗ್ಯವಂತ ಮಿದುಳಿನ ಮೈಕ್ರೋಗ್ಲಿಯಾಕ್ಕೆ ರಕ್ತದ ಸೀರಂ ಪರಿಚಯವೇ ಇರುವುದಿಲ್ಲ. ನಾವು ಅವನ್ನು ಅದರಲ್ಲೇ ಮುಳುಗಿಸಿಟ್ಟು ಶಾಂತವಾಗಿರಿ ಎನ್ನುತ್ತೇವೆ. ಸೀರಂ ತೆಗೆದರೆ ಸಾಯುತ್ತವೆ. ಟಿಜಿಎಫ್-ಬೀಟಾ, ಐಎಲ್-34 ಎಂಬ ಪ್ರೋಟೀನುಗಳು ಮತ್ತು ಕೊಲೆಸ್ಟರಾಲ್, ಈ ಮೂರನ್ನು ಕೊಟ್ಟರೆ ಸೀರಂ ಇಲ್ಲದೆಯೂ ಬದುಕುತ್ತವೆ ಎಂಬುದು 2017ರಿಂದ ಗೊತ್ತಿದೆ, ಆದರೆ ಆ ಪ್ರೋಟೀನುಗಳ ಬೆಲೆ ಕೇಳಿ ನಾನು ಫೋನು ಕೆಳಗಿಟ್ಟೆ. ಕೆಲವೇ ಮೈಕ್ರೋಗ್ರಾಂಗೆ ಇಪ್ಪತ್ತು ಸಾವಿರದ ಮೇಲೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾಕ್ಕೆ ಇಂಥವನ್ನು ಒದಗಿಸುವುದರಲ್ಲಿ ಆಸ್ಟ್ರೋಸೈಟುಗಳ ಪಾಲು ದೊಡ್ಡದು ತಾನೆ? ಎದ್ದುಬಂದ ಪದರವನ್ನು ಎಸೆಯದೆ ಬೇರೆ ಫ್ಲಾಸ್ಕಿಗೆ ಹಾಕಿ, ಅದು ಹರಡಿಕೊಂಡ ಮೇಲೆ ಸೀರಂ ಇಲ್ಲದ ದ್ರವವನ್ನು ಎರಡು ದಿನ ಅದರ ಮೇಲಿಟ್ಟು, ಸೋಸಿ, ಹೊಸ ದ್ರವಕ್ಕೆ ಬೆರೆಸಿ ಮೈಕ್ರೋಗ್ಲಿಯಾಕ್ಕೆ ಕೊಟ್ಟೆ. ಬೆರಕೆಯ ಪ್ರಮಾಣ ಹೇಳುವುದಿಲ್ಲ. ಅರ್ಧಕ್ಕರ್ಧದಿಂದ ಶುರು ಮಾಡಿ ಹುಡುಕಿದರೆ ಸಿಗುತ್ತದೆ. ನಾಲ್ಕನೆಯ ದಿನ ಕೋಶಗಳು ಸಣ್ಣ ಸಣ್ಣ ಕವಲು ಚಾಚಿದ್ದವು. ಎಂಎಸ್ ಗಾಯಗಳಲ್ಲಿ ಮರೆಯಾಗುವ ಪಿ2ಆರ್‌ವೈ12 ಎಂಬ, ಶಾಂತ ಕೋಶದ ಗುರುತು ಸುಮಾರು ಮೂರರಲ್ಲಿ ಎರಡು ಕೋಶಗಳಲ್ಲಿ ಕಾಣಿಸಿತು. 1919ರಲ್ಲಿ ಸ್ಪೇನಿನ ವಿಜ್ಞಾನಿ ರಿಯೊ ಹೊರ್ಟೇಗಾ ಬೆಳ್ಳಿಯ ಬಣ್ಣ ಹಿಡಿಸಿ ಈ ಕೋಶವನ್ನು ಮೊದಲು ಬೇರೆಯಾಗಿ ಗುರುತಿಸಿದಾಗ ಕಂಡ ಕವಲುಗಳಷ್ಟು ಚಂದವಿಲ್ಲ, ನಿಜ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಈ ಕೋಶಗಳಿಗೆ ನುಂಗಲು ಕೊಡುವ ಮೈಯೆಲಿನ್ ಎಲ್ಲಿಂದ ತರುವುದು? ಬೆಳಗ್ಗೆ ಆರಕ್ಕೆ ಮಾಂಸದಂಗಡಿಗೆ ಹೋಗಿ ಆಡಿನ ಮಿದುಳು ಕೇಳಿದೆ. ನಮ್ಮದು ಹವ್ಯಕರ ಮನೆಯೆಂದು ಬಲ್ಲ ಅಂಗಡಿಯವರು "ಮಾಷ್ಟ್ರೇ, ಪದಾರ್ಥಕ್ಕೋ, ಪರೀಕ್ಷೆಗೋ?" ಎಂದು ಮೆಲ್ಲಗೆ ಕೇಳಿದರು. ಒಂದಕ್ಕೆ ಎಂಬತ್ತು ರೂಪಾಯಿ. 0.32 ಮೋಲಾರ್ ಸಕ್ಕರೆ ದ್ರಾವಣದಲ್ಲಿ ಅರೆದು, 0.85 ಮೋಲಾರ್ ಮೇಲೆ ಪದರವಾಗಿ ಬಿಟ್ಟು, ಬಾಡಿಗೆಯ ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಎರಡರ ನಡುವೆ ತೆಂಗಿನ ಹಾಲಿನ ಗಟ್ಟಿ ಪದರದಂತೆ ಮೈಯೆಲಿನ್ ನಿಲ್ಲುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಡೆಸುವುದು, ಮತ್ತೆ ತಿರುಗಿಸುವುದು, ನಿಮಗೆ ಗೊತ್ತಿದ್ದದ್ದೇ.

ಇಲ್ಲಿಯೇ ನಾನು ದೊಡ್ಡದಾಗಿ ಎಡವಿದೆ. ಮೈಯೆಲಿನ್ ಹಾಕಿದ ಗುಳಿಗಳಲ್ಲೆಲ್ಲ, ಕೋಶ ಕೆರಳಿದ್ದನ್ನು ತೋರಿಸುವ ನೈಟ್ರೈಟ್ ನಾಲ್ಕೈದು ಪಟ್ಟು ಏರಿತು. ಮೈಯೆಲಿನ್ ಚೂರುಗಳೇ ಮೈಕ್ರೋಗ್ಲಿಯಾವನ್ನು ಕೆರಳಿಸುತ್ತವೆ ಎಂದು ಒಂದು ಸಭೆಯಲ್ಲಿ ಪೋಸ್ಟರನ್ನೂ ಅಂಟಿಸಿ ಬಂದೆ. ಆಮೇಲೆ ಬ್ಯಾಕ್ಟೀರಿಯಾದ ವಿಷವನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿ ನೋಡಿದಾಗ ಏರಿಕೆ ಹೆಚ್ಚುಕಡಿಮೆ ಮಾಯ. ಕೋಶಗಳು ಕೆರಳಿದ್ದು ಅಂಗಡಿಯ ಹಲಗೆಯಿಂದ ಬಂದ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷದಿಂದ. ಪೋಸ್ಟರು ಈಗಲೂ ಮನೆಯ ಕಪಾಟಿನ ಹಿಂದೆ ಇದೆ. ತಲೆಬುರುಡೆಯನ್ನು ಇಡಿಯಾಗಿ ತಂದು ನಾವೇ ಒಡೆದು, ಒಳಗಿನ ಬಿಳಿಭಾಗ ಮಾತ್ರ ತೆಗೆಯತೊಡಗಿದ ಮೇಲೆ, ತೊಳೆಯುವಲ್ಲಿ ಒಂದು ಹೆಜ್ಜೆಯನ್ನೂ ಸೇರಿಸಿದ ಮೇಲೆ, ಚಿತ್ರ ತಲೆಕೆಳಗಾಯಿತು: ಶಾಂತ ಕೋಶಕ್ಕೆ ಶುದ್ಧ ಮೈಯೆಲಿನ್ ಕೊಟ್ಟರೆ ಅದು ಬೊಬ್ಬೆ ಹಾಕದೆ ತಿನ್ನುತ್ತದೆ. ಎಂಎಸ್ ಗಾಯಗಳಲ್ಲಿ ಕಾಣುವ, ಮೈಯೆಲಿನ್ ತಿಂದು ಕೊಬ್ಬು ತುಂಬಿಕೊಂಡ ನೊರೆಕೋಶಗಳು ಉರಿಯೂತವನ್ನು ತಗ್ಗಿಸುವ ಗುಣವನ್ನೂ ತೋರಿಸುತ್ತವೆ ಎಂದು ಮೊದಲೇ ಓದಿದ್ದರೂ, ನನ್ನ ತಟ್ಟೆಯೇ ಹೇಳುವವರೆಗೆ ನಾನು ಒಪ್ಪಿರಲಿಲ್ಲ.

ಮಿಲಿಲೀಟರಿಗೆ 25 ಮೈಕ್ರೋಗ್ರಾಂ ಮೈಯೆಲಿನ್ ಕೊಟ್ಟಲ್ಲಿ ಮರುದಿನ, ಕೊಬ್ಬನ್ನು ತೋರಿಸುವ ಆಯಿಲ್ ರೆಡ್ ಓ ಬಣ್ಣಕ್ಕೆ ಕೋಶದ ತುಂಬ ಕೆಂಪು ಹನಿಗಳು ಕಾಣುತ್ತವೆ, ಐದನೆಯ ದಿನಕ್ಕೆ ಬಹುಪಾಲು ಕರಗುತ್ತವೆ. 100 ಕೊಟ್ಟಲ್ಲಿ ಕರಗುವುದಿಲ್ಲ. ಕೋಶ ಊದಿ, ಕವಲು ಎಳೆದುಕೊಂಡು, ಪಿ2ಆರ್‌ವೈ12 ಕಳೆದುಕೊಳ್ಳುತ್ತದೆ. ನುಂಗುವುದರಲ್ಲಿ ಸೋಲಿಲ್ಲ, ನುಂಗಿದ ಕೊಲೆಸ್ಟರಾಲನ್ನು ಹೊರಹಾಕುವುದರಲ್ಲಿ ಸೋಲು. ಮುದಿ ಇಲಿಗಳಲ್ಲಿ ಹೀಗೇ ಆಗಿ ರಿಪೇರಿ ನಿಲ್ಲುತ್ತದೆಂದು 2018ರಲ್ಲಿ ತೋರಿಸಿದ್ದರು.

ನಡುವೆ ಅರಿಶಿನದ ಚಟವೂ ಹತ್ತಿತ್ತು. ಕರ್ಕ್ಯುಮಿನ್ ಹಾಕಿದ ಗುಳಿಗಳಲ್ಲಿ ಹಸಿರು ಹೊಳಪಿನ ಬಣ್ಣ ಕಟ್ಟಿದ ಮೈಯೆಲಿನ್ ದುಪ್ಪಟ್ಟು ನುಂಗಿದಂತೆ ಕಂಡು ಎರಡು ವಾರ ಕುಣಿದಾಡಿದೆ. ಮೈಯೆಲಿನ್ ಹಾಕದ ಗುಳಿಯೂ ಹಸಿರಾಗಿಯೇ ಹೊಳೆಯುತ್ತಿತ್ತು. ಕರ್ಕ್ಯುಮಿನ್‌ಗೆ ತನ್ನದೇ ಹಸಿರು ಹೊಳಪು ಇದೆ. ಇಡೀ ಕಲ್ಚರನ್ನು ಎಲ್-15ರಲ್ಲೇ ಬೆಳೆಸಿ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನ ಖರ್ಚು ಉಳಿಸುವ ಯತ್ನವೂ ಆಯಿತು, ಆಸ್ಟ್ರೋಸೈಟುಗಳು ಹರಡಿಕೊಳ್ಳಲೇ ಇಲ್ಲ.

ಈಗ ಒಂದು ಬ್ಯಾಚಿಗೆ, ರೈಲಿನ ಟಿಕೇಟೂ ಸೇರಿ, ಆರೇಳು ಸಾವಿರ ಬೀಳುತ್ತದೆ. ಮೊದಲು ಇಪ್ಪತ್ತು ದಾಟುತ್ತಿತ್ತು. ಹಣ ಹಾಳು ಮಾಡಬೇಡಿ ಎಂದವರು ಕಳೆದ ಡಿಸೆಂಬರಿನಲ್ಲಿ ಬಂದು, ಮೈಕ್ರೋಸ್ಕೋಪಿನ ಮುಂದೆ ಮುಕ್ಕಾಲು ಗಂಟೆ ಕುಳಿತು, ಸೀರಂ ಯಾವ ಕಂಪನಿಯದ್ದು ಎಂದು ಮಾತ್ರ ಕೇಳಿದರು. ನನ್ನ ಕೋಶಗಳೆಲ್ಲ ಹಸುಳೆ ಇಲಿಗಳವು, ಎಂಎಸ್ ದೊಡ್ಡವರ ರೋಗ ಎಂಬ ಆಕ್ಷೇಪ ಸರಿಯಾದದ್ದೇ. ಒಂದೂವರೆ ವರ್ಷದ ಇಲಿಯಿಂದ ಎರಡು ಸಲ ಪ್ರಯತ್ನಿಸಿದ್ದೇನೆ. ಸಿಕ್ಕಿದ ಕೋಶಗಳು ನಾಲ್ಕು ಗುಳಿಗೂ ಸಾಲಲಿಲ್ಲ. ಮೂರನೆಯ ಸಲಕ್ಕೆ ಮಳೆ ಬಿಡುವುದನ್ನು ಕಾಯುತ್ತಿದ್ದೇನೆ.